ವಜ್ರಲೇಪವೂ ಮನೆಯ ಅಸ್ತಿಭಾರವೂ

ಮನೆಯ ಅಸ್ತಿಭಾರಕ್ಕೆ ನೀರೇ ಪರಮಶತ್ರುವು. ಅದರ ನಿವಾರಣೆಗೆ ಪ್ರಾಚೀನರು ವಜ್ರಲೇಪವನ್ನು ಬಳಸುತ್ತಿದ್ದರೆಂಬ ಮಾತು ವಿಚಾರಾರ್ಹವಾದುದು.

ಕ್ರಿ. ಶ. 6ನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಈ ಪಾಕವನ್ನು ವಿವರಿಸಿರುವನು. ತೂಬರೆ, ಬೇಲಗಳ ಎಳಗಾಯಿ, ಬೂರುಗದ ಹೂ, ಬಜೆ ಮೊದಲಾದುವನ್ನು ಒಂದು ದ್ರೋಣ ನೀರಿನಲ್ಲಿ ಕುದಿಸಿ, ಎಂಟನೆಯ ಒಂದು ಪಾಲು ಉಳಿದಾಗ ಇಳಿಸಿ, ಗುಗ್ಗುಳ, ಭಲ್ಲಾತಕ, ಅಗಸೆ, ಬಿಲ್ವಾದಿಗಳ ಕಲ್ಕವನ್ನು ಕೂಡಿಸಿ, ಬಿಸಿಯಿರುವಾಗಲೇ ಬಳಿಯತಕ್ಕದ್ದು. ಪ್ರಾಸಾದ, ಹರ್ಮ್ಯ, ವಲಭಿ, ಲಿಂಗ, ಪ್ರತಿಮೆ, ಗೋಡೆ, ಬಾವಿ ಇವು ಅದಕ್ಕೆ ಹೇಳಿದ ಸ್ಥಾನಗಳು. ಬಾವಿಯ ಉಲ್ಲೇಖದಿಂದ ಲೇಪದ ಜಲನಿರೋಧಗುಣವನ್ನು ಊಹಿಸಬಹುದು. ಆದರೆ ಅಸ್ತಿಭಾರದ ಹೆಸರು ಅಲ್ಲಿಲ್ಲ. ಚಾಲುಕ್ಯ ಮೂರನೆಯ ಸೋಮೇಶ್ವರನ (1126–1138) ಮಾನಸೋಲ್ಲಾಸದಲ್ಲಂತೂ ವಜ್ರಲೇಪವೆಂದರೆ ಎಮ್ಮೆಯ ತೊಗಲನ್ನು ಬೇಯಿಸಿ ಮಾಡಿದ, ಚಿತ್ರಭಿತ್ತಿಗೆ ಬೇಕಾದ ಅಂಟು.

ಅಸ್ತಿಭಾರದ ರಕ್ಷಣೆಯನ್ನು ವರಾಹಮಿಹಿರನ ವಾಸ್ತುವಿದ್ಯಾಧ್ಯಾಯದ ಭೂಪರೀಕ್ಷೆಯಲ್ಲಿ ಅರಸಬೇಕು. ಒಂದು ಮೊಳದ ಗುಂಡಿಯನ್ನು ತೋಡಿ, ಅದೇ ಮಣ್ಣಿನಿಂದ ಮುಚ್ಚಿದಾಗ ಮಣ್ಣು ಕಡಮೆಯಾದರೆ ಆ ನೆಲವು ಅನಿಷ್ಟ, ಮಿಕ್ಕರೆ ಶುಭ. ಇಲ್ಲವೆ ಗುಂಡಿಗೆ ನೀರು ತುಂಬಿ, ನೂರು ಹೆಜ್ಜೆ ನಡೆದು ಹಿಂದಿರುಗಿದಾಗ ನೀರು ಕುಂದದಿದ್ದರೆ ಅದು ಪ್ರಶಸ್ತವು. ನೀರನ್ನು ಬೇಗನೆ ಹೀರುವ ಸಡಿಲ ಮಣ್ಣು ಭಾರಕ್ಕೆ ಕುಸಿಯುವುದಷ್ಟೆ.

ಆದುದರಿಂದ ಲೇಪವು ಗೋಡೆಗೆ ವಿಹಿತವಾದುದು. ಅಸ್ತಿಭಾರಕ್ಕೆ ನೆಲದ ಆಯ್ಕೆಯೇ ಮೊದಲ ರಕ್ಷೆ. ತಳದ ತೇವಕ್ಕೆ ವಜ್ರಲೇಪವನ್ನು ಪ್ರಮಾಣವಾಗಿ ಹೇಳುವುದು ಮೂಲಗ್ರಂಥಕ್ಕೆ ಸಮ್ಮತವಲ್ಲ.