ಸೆರೆಮನೆಯ ಕೋಣೆಯಲ್ಲಿ ಕೀರ್ತನೆಗಳು



ಕೀರ್ತನೆ ಎಂದ ಕೂಡಲೇ ನಿಮಗೆ ಯಾರು ನೆನಪಾಗುತ್ತಾರೆ? ಪುರಂದರದಾಸರು, ಕನಕದಾಸರು, ಅಲ್ಲವೇ? ನಮ್ಮ ಮನೆಯಲ್ಲೂ ಹಾಗೆಯೇ. ಆದರೆ ಕನ್ನಡ ಬೈಬಲಿನಲ್ಲೂ ‘ಕೀರ್ತನೆಗಳು’ ಎಂಬ ಒಂದು ಭಾಗವಿದೆ. ಇದು ನನಗೆ ಗೊತ್ತಾದದ್ದು ಈ ವರ್ಷ, ಇಲ್ಲಿನ ಶಾಲೆಯಲ್ಲಿ ಹಿಟ್ಲರನ ಕಾಲದ ಪಾಠ ನಡೆಯುವಾಗ. ಆ ಪಾಠದಲ್ಲಿ ಡೀಟ್ರಿಶ್ ಬೋನ್‌ಹೋಫರ್ ಎಂಬ ಪಾದ್ರಿಯ ಕಥೆ ಬಂತು. ಆ ಕಥೆಯನ್ನು ನಿಮಗೂ ಹೇಳಬೇಕು ಅನ್ನಿಸಿತು.

ಮೊದಲು ಕೀರ್ತನೆಗಳ ಬಗ್ಗೆ ಸ್ವಲ್ಪ. ಇವು ಒಟ್ಟು 150. ಮೂಲ ಭಾಷೆ ಹೀಬ್ರೂ. ಇವು ಮೊದಲು ಯಹೂದಿಗಳ ಪ್ರಾರ್ಥನೆಗಳು, ನಂತರ ಕ್ರೈಸ್ತರದ್ದೂ ಆದವು. 73 ಕೀರ್ತನೆಗಳ ತಲೆಬರಹದಲ್ಲಿ ದಾವೀದ ರಾಜನ ಹೆಸರಿದೆ. ಇವೆಲ್ಲ ದೇವರನ್ನು ಹೊಗಳುವ ಹಾಡುಗಳೇ ಇರಬೇಕು ಎಂದು ನಾನು ತಿಳಿದಿದ್ದೆ. ಹಾಗಲ್ಲ. ಎಷ್ಟೋ ಕೀರ್ತನೆಗಳಲ್ಲಿ ಅಳು ಇದೆ, ಕೋಪ ಇದೆ, ದೇವರ ಜೊತೆ ಜಗಳವೂ ಇದೆ. ನಮ್ಮ ದಾಸರೂ ದೇವರನ್ನು ಸಲುಗೆಯಿಂದ ಪ್ರಶ್ನಿಸುತ್ತಾರಲ್ಲ, ಹಾಗೆ.

ಬೋನ್‌ಹೋಫರ್ ಹುಟ್ಟಿದ್ದು 1906ರಲ್ಲಿ. ಗಾಂಧೀಜಿಯವರಿಂದ ಅಹಿಂಸೆಯ ದಾರಿ ಕಲಿಯಲು ಭಾರತಕ್ಕೆ ಬರಬೇಕೆಂಬ ಆಸೆ ಅವರಿಗಿತ್ತು. 1934ರಲ್ಲಿ ಗಾಂಧೀಜಿ ಪತ್ರ ಬರೆದು ಅವರನ್ನು ಆಶ್ರಮಕ್ಕೆ ಕರೆದಿದ್ದರು ಕೂಡ. ಆದರೆ ಅವರು ಬರಲಾಗಲಿಲ್ಲ. 1935ರಲ್ಲಿ ಹೊಸ ಪಾದ್ರಿಗಳಿಗೆ ತರಬೇತಿ ಕೊಡುವ ಜವಾಬ್ದಾರಿ ಅವರ ಹೆಗಲಿಗೆ ಬಂತು. ಅಲ್ಲಿ ಗುರು ಶಿಷ್ಯರು ದಿನವೂ ಸೇರಿ ಕೀರ್ತನೆಗಳಿಂದ ಪ್ರಾರ್ಥಿಸುತ್ತಿದ್ದರು. 1937ರಲ್ಲಿ ಪೊಲೀಸರು ಆ ಸಂಸ್ಥೆಯನ್ನು ಮುಚ್ಚಿಸಿದರು.

1938ರ ನವೆಂಬರ್ 9ರ ರಾತ್ರಿ ಜರ್ಮನಿಯಲ್ಲಿ ಯಹೂದಿಗಳ ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಹಚ್ಚಲಾಯಿತು. ಬೋನ್‌ಹೋಫರ್ ತಮ್ಮ ಬೈಬಲಿನಲ್ಲಿ 74ನೇ ಕೀರ್ತನೆಯ ಪಕ್ಕ ಆ ತಾರೀಖನ್ನು ಬರೆದಿಟ್ಟರು. ದೇವರ ಮಂದಿರಗಳನ್ನು ಶತ್ರುಗಳು ಸುಟ್ಟರೆಂದು ದುಃಖಿಸುವ ಕೀರ್ತನೆ ಅದು. ಯಹೂದಿಗಳ ಗ್ರಂಥವನ್ನು ಚರ್ಚಿನಿಂದ ತೆಗೆದುಹಾಕಬೇಕು ಎಂದು ಕೆಲವು ಕ್ರೈಸ್ತರೇ ಹೇಳುತ್ತಿದ್ದ ಕಾಲದಲ್ಲಿ, 1940ರಲ್ಲಿ, ಅವರು ಕೀರ್ತನೆಗಳ ಬಗ್ಗೆಯೇ ಒಂದು ಚಿಕ್ಕ ಪುಸ್ತಕ ಪ್ರಕಟಿಸಿದರು. ಮರುವರ್ಷ, ಅವರು ಇನ್ನು ಮುಂದೆ ಏನನ್ನೂ ಪ್ರಕಟಿಸಬಾರದು ಎಂದು ಸರ್ಕಾರ ಆಜ್ಞೆ ಹೊರಡಿಸಿತು.

ಹಿಟ್ಲರನನ್ನು ಕೆಳಗಿಳಿಸಲು ಗುಟ್ಟಾಗಿ ಯತ್ನಿಸುತ್ತಿದ್ದ ಗುಂಪನ್ನು ಅವರು ಸೇರಿದ್ದರು. 1943ರ ಏಪ್ರಿಲ್ 5ರಂದು ಅವರನ್ನು ಬಂಧಿಸಿ ಬರ್ಲಿನ್ನಿನ ಟೇಗೆಲ್ ಸೆರೆಮನೆಗೆ ಹಾಕಿದರು. ಮೊದಲ ರಾತ್ರಿ ಚಳಿ. ಕೊಟ್ಟ ಕಂಬಳಿ ಹೊದೆಯಲಾರದಷ್ಟು ನಾರುತ್ತಿತ್ತು. ಬೆಳಿಗ್ಗೆ ಬ್ರೆಡ್ಡನ್ನು ನೆಲಕ್ಕೆ ಎಸೆದುಹೋದರು.

ಈಗ ನಾನು ಹೇಳಬೇಕೆಂದಿದ್ದ ಮುಖ್ಯ ವಿಷಯಕ್ಕೆ ಬರುತ್ತೇನೆ. ಮೇ ತಿಂಗಳಲ್ಲಿ ಅವರು ಅಪ್ಪ ಅಮ್ಮನಿಗೆ ಒಂದು ಪತ್ರ ಬರೆದರು. ಅವರಿಗಿಂತ ಮೊದಲು ಆ ಕೋಣೆಯಲ್ಲಿದ್ದ ಯಾರೋ ಒಬ್ಬ ಕೈದಿ ಬಾಗಿಲ ಮೇಲೆ ಒಂದು ಮಾತು ಗೀಚಿದ್ದನಂತೆ. ನೂರು ವರ್ಷ ಕಳೆದರೆ ಇದೆಲ್ಲ ಮುಗಿದಿರುತ್ತದೆ ಎಂಬ ಅರ್ಥದ ಮಾತು. ಯೋಚಿಸಿ ನೋಡಿ, ಅದೂ ಒಂದು ರೀತಿಯ ಸಮಾಧಾನವೇ. ಆದರೆ ಅದರಲ್ಲಿ ಯಾರ ಮೇಲೂ ನಂಬಿಕೆ ಇಲ್ಲ. ಬೋನ್‌ಹೋಫರ್ ಅದಕ್ಕೆ ಎರಡು ಕೀರ್ತನೆಗಳನ್ನು ನೆನೆಯುತ್ತಾರೆ. 31ನೆಯದು, ನಮ್ಮ ಕಾಲವೆಲ್ಲ ದೇವರ ಕೈಯಲ್ಲಿದೆ ಎನ್ನುತ್ತದೆ. 13ನೆಯದು, ಇನ್ನೆಷ್ಟು ದಿನ ಹೀಗೆ ಎಂದು ದೇವರನ್ನೇ ಕೇಳುತ್ತದೆ. ಉತ್ತರವೂ ಅದೇ ಪುಸ್ತಕದಲ್ಲಿದೆ, ಪ್ರಶ್ನೆಯೂ ಅದೇ ಪುಸ್ತಕದಲ್ಲಿದೆ. ಪ್ರಶ್ನೆ ಕೇಳಿದರೆ ಭಕ್ತಿ ಕಡಿಮೆ ಎಂದು ಅರ್ಥವಲ್ಲ. ಇದನ್ನು ಓದಿ ನನಗೆ ನಿಜವಾಗಿಯೂ ಹಗುರ ಎನಿಸಿತು. ವರ್ಷಗಳಿಂದ ಮಾಡುತ್ತಿದ್ದಂತೆ ದಿನವೂ ಕೀರ್ತನೆ ಓದುತ್ತಿದ್ದೇನೆ, ಇಷ್ಟು ಪ್ರೀತಿಸುವ ಪುಸ್ತಕ ಬೇರೆ ಇಲ್ಲ ಎಂದೂ ಅವರು ಆ ಪತ್ರದಲ್ಲಿ ತಿಳಿಸಿದ್ದಾರೆ.

ಅವರಿಗೆ ಸಿಕ್ಕಿದ ಶಾಂತಿ ಹೇಗಿತ್ತು? 1944ರ ಜನವರಿಯಲ್ಲಿ ಬಾಂಬ್ ದಾಳಿ ನಡೆಯುವಾಗ ಕೈದಿಗಳೆಲ್ಲ ನೆಲದ ಮೇಲೆ ಮಲಗಿದ್ದರು. ಪಕ್ಕದಲ್ಲಿದ್ದವನು ಭಯದಿಂದ ದೇವರೇ ದೇವರೇ ಎಂದು ಕೂಗಿದ. ಬೋನ್‌ಹೋಫರ್ ಉಪದೇಶ ಮಾಡಲಿಲ್ಲ. ಗಡಿಯಾರ ನೋಡಿ, ಇನ್ನು ಹತ್ತು ನಿಮಿಷಕ್ಕಿಂತ ಹೆಚ್ಚು ಇರುವುದಿಲ್ಲ ಎಂದಷ್ಟೇ ಹೇಳಿದರು. ಹೆದರಿದವನಿಗೆ ಆ ಹೊತ್ತಿನಲ್ಲಿ ಬೇಕಾಗಿದ್ದದ್ದು ಅಷ್ಟೇ.

ಅವರಿಗೆ ಭಯವೇ ಇರಲಿಲ್ಲ ಎಂದುಕೊಳ್ಳಬೇಡಿ. ಅದೇ ವರ್ಷ ಬರೆದ ಒಂದು ಕವಿತೆಯಲ್ಲಿ, ಹೊರಗೆ ಎಲ್ಲರೂ ನನ್ನನ್ನು ಧೈರ್ಯವಂತ ಎನ್ನುತ್ತಾರೆ, ಒಳಗೆ ನಾನು ತಳಮಳಿಸುತ್ತಿದ್ದೇನೆ ಎಂದು ಒಪ್ಪಿಕೊಳ್ಳುತ್ತಾರೆ. ಆದರೂ ಕೊನೆಗೆ ತಮ್ಮನ್ನು ದೇವರಿಗೇ ಒಪ್ಪಿಸುತ್ತಾರೆ.

ಅವರಿಗೆ ಬಿಡುಗಡೆ ಆಗಲಿಲ್ಲ. 1945ರ ಏಪ್ರಿಲ್ 9ರಂದು ಫ್ಲಾಸೆನ್‌ಬುರ್ಗ್ ಶಿಬಿರದಲ್ಲಿ ಅವರನ್ನು ಗಲ್ಲಿಗೇರಿಸಿದರು. ಆಗ ಅವರಿಗೆ 39 ವರ್ಷ. ಎರಡು ವಾರಗಳ ನಂತರ, ಏಪ್ರಿಲ್ 23ರಂದು, ಅಮೆರಿಕದ ಸೈನ್ಯ ಆ ಶಿಬಿರವನ್ನು ತಲುಪಿತು. ಇದನ್ನು ಓದಿದಾಗ ನನಗೆ ಬಹಳ ಸಿಟ್ಟು ಬಂತು. ಇಷ್ಟು ಪ್ರಾರ್ಥಿಸಿದವರಿಗೆ ಎರಡು ವಾರ ಸಿಗಲಿಲ್ಲವೇ?

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಒಂದು ಮಾತು ಅರ್ಥವಾಯಿತು. ದೇವರಲ್ಲಿ ನಂಬಿಕೆ ಎಂದರೆ ಕೇಳಿದ್ದು ಸಿಗುತ್ತದೆ ಎಂಬ ಖಾತ್ರಿಯಲ್ಲ. ಕೇಳಲು ಒಬ್ಬರಿದ್ದಾರೆ ಎಂಬ ಧೈರ್ಯ. ಆ ಧೈರ್ಯದಲ್ಲೇ ಅವರು ಎರಡು ವರ್ಷ ಕಳೆದರು, ಪಕ್ಕದವರಿಗೂ ಸ್ವಲ್ಪ ಹಂಚಿದರು.

ಮುಂದಿನ ಬಾರಿ ಮನೆಯಲ್ಲಿ ಅಜ್ಜಿಯೋ ಅಮ್ಮನೋ ದಾಸರ ಪದ ಹಾಡುವಾಗ ಗಮನವಿಟ್ಟು ಕೇಳಿ. ಅದರಲ್ಲಿ ಹೊಗಳಿಕೆ ಎಷ್ಟಿದೆ, ದೂರು ಎಷ್ಟಿದೆ ಎಂದು ಅವರನ್ನೇ ಕೇಳಿ ನೋಡಿ. ನಾನು ಕೇಳಿದೆ. ಅಂದು ನಮ್ಮ ಮನೆಯಲ್ಲಿ ಊಟ ತಣ್ಣಗಾಗುವವರೆಗೂ ಮಾತು ನಡೆಯಿತು.