ಕೆಡಿಸಲು ಹೆದರಬೇಕಿಲ್ಲದ ಕಂಪ್ಯೂಟರ್



ಈ ಸಲ ಒಂದು ಪ್ರಶ್ನೆಯಿಂದಲೇ ಶುರು ಮಾಡೋಣ. ನಿಮ್ಮ ಮನೆಯ ಮಗು ಬಂದು, “ಅಪ್ಪಾ, ಈ ಲ್ಯಾಪ್‌ಟಾಪ್ ಒಳಗೆ ಏನಿದೆ ಅಂತ ಬಿಚ್ಚಿ ನೋಡ್ಲಾ?” ಎಂದು ಕೇಳಿದರೆ ನೀವು ಏನು ಹೇಳುತ್ತೀರಿ? ಬಹುತೇಕ ಮನೆಗಳಲ್ಲಿ ಉತ್ತರ ಒಂದೇ. “ಮುಟ್ಟಬೇಡ, ಹಾಳಾಗುತ್ತೆ!” ಹಾಗೆ ಹೇಳುವುದರಲ್ಲಿ ತಪ್ಪೂ ಇಲ್ಲ. ಸಾವಿರಾರು ರೂಪಾಯಿ ಕೊಟ್ಟು ತಂದ ಪೆಟ್ಟಿಗೆ ಅದು. ಅದರಲ್ಲಿ ಅಪ್ಪನ ಆಫೀಸಿನ ಕೆಲಸವಿದೆ, ಅಮ್ಮನ ಬ್ಯಾಂಕಿನ ಲೆಕ್ಕವಿದೆ, ಅಕ್ಕನ ಕಾಲೇಜಿನ ಪ್ರಾಜೆಕ್ಟ್ ಇದೆ.

ಆದರೆ ಈ “ಮುಟ್ಟಬೇಡ” ಎನ್ನುವ ಮಾತಿನಿಂದ ಒಂದು ತಲೆಮಾರು ಏನನ್ನು ಕಳೆದುಕೊಳ್ಳುತ್ತದೆ ಎಂದು ತಲೆಕೆಡಿಸಿಕೊಂಡ ಕೆಲವರು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದರು. ಅವರ ಚಿಂತೆಯಿಂದ ಹುಟ್ಟಿದ್ದೇ ‘ರಾಸ್ಪ್‌ಬೆರಿ ಪೈ’ ಎಂಬ ಅಂಗೈ ಅಗಲದ ಕಂಪ್ಯೂಟರ್. ಇದರ ಇತಿಹಾಸ ನಮ್ಮಂಥ ಬಾನುಲಿ ಬಳಗಕ್ಕೂ ಹತ್ತಿರದ್ದು. ಏಕೆಂದರೆ ಅದರ ಬೇರು ಇರುವುದು ಒಂದು ಪ್ರಸಾರ ಸಂಸ್ಥೆಯ ಅಂಗಳದಲ್ಲಿ.

ಸ್ವಲ್ಪ ಹಿಂದಕ್ಕೆ, 1981ಕ್ಕೆ ಹೋಗೋಣ ಬನ್ನಿ. ಆಗ ಬ್ರಿಟನ್ನಿನ ಬಿಬಿಸಿ ಜನರಿಗೆ ಕಂಪ್ಯೂಟರ್ ಕಲಿಸುವ ಸಾಕ್ಷರತಾ ಯೋಜನೆಯೊಂದನ್ನು ಹಮ್ಮಿಕೊಂಡಿತ್ತು. ಟಿ.ವಿ.ಯಲ್ಲಿ ಪಾಠ ಹೇಳಿದರೆ ಸಾಲದು, ನೋಡುಗರು ಮನೆಯಲ್ಲಿ ಕೈಯಾಡಿಸಲು ಒಂದು ಯಂತ್ರವೂ ಬೇಕಲ್ಲ? ಕೇಂಬ್ರಿಜ್‌ನ ಏಕಾರ್ನ್ ಎಂಬ ಸಣ್ಣ ಕಂಪನಿಗೆ ಆ ಕೆಲಸ ಸಿಕ್ಕಿತು. ಆ ವರ್ಷದ ಡಿಸೆಂಬರ್‌ನಲ್ಲಿ ‘ಬಿಬಿಸಿ ಮೈಕ್ರೋ’ ಹೊರಬಂತು. ಎ ಮಾದರಿಗೆ 235 ಪೌಂಡು, ಬಿ ಮಾದರಿಗೆ 335 ಪೌಂಡು. ಹನ್ನೆರಡು ಸಾವಿರ ಮಾರಾಟವಾದರೆ ಸಾಕು ಎಂದುಕೊಂಡಿದ್ದರು. ಕೊನೆಗೆ ಮಾರಾಟವಾದದ್ದು ಹದಿನೈದು ಲಕ್ಷಕ್ಕೂ ಮಿಕ್ಕಿ!

ಈ ಯಂತ್ರದ ಗುಣ ಏನು ಗೊತ್ತೇ? ಸ್ವಿಚ್ ಹಾಕಿದೊಡನೆ ಪರದೆಯ ಮೇಲೆ ಚಿತ್ರಗಳಿಲ್ಲ, ಆಟಗಳಿಲ್ಲ. ಒಂದು ಸಣ್ಣ ಗುರುತು ಮಿನುಗುತ್ತ, ‘ಏನು ಮಾಡಲಿ, ಹೇಳು’ ಎನ್ನುವಂತೆ ಕಾಯುತ್ತಿತ್ತು. ಬೇಸಿಕ್ ಭಾಷೆಯಲ್ಲಿ ಎರಡು ಸಾಲು ಬರೆದರೆ ಹತ್ತು ವರ್ಷದ ಹುಡುಗಿಯ ಹೆಸರೂ ಪರದೆ ತುಂಬ ಓಡುತ್ತಿತ್ತು. ಯಂತ್ರ ಆಡಿಸಿದಂತೆ ಮಗು ಆಡಬೇಕಿರಲಿಲ್ಲ, ಮಗು ಹೇಳಿದಂತೆ ಯಂತ್ರ ಕೇಳುತ್ತಿತ್ತು.

ಇಲ್ಲೇ ರೇಡಿಯೋದ ಒಂದು ಸ್ವಾರಸ್ಯವೂ ಇದೆ. ಆ ಕಾಲದಲ್ಲಿ ಕಂಪ್ಯೂಟರಿನ ಪ್ರೋಗ್ರಾಮುಗಳನ್ನು ಹಾಡಿನ ಕ್ಯಾಸೆಟ್ಟಿನಲ್ಲೇ ಧ್ವನಿಯ ರೂಪದಲ್ಲಿ ತುಂಬಿಡುತ್ತಿದ್ದರು. ಧ್ವನಿ ಎಂದ ಮೇಲೆ ಪ್ರಸಾರವನ್ನೂ ಮಾಡಬಹುದಲ್ಲವೇ? ಹಾಲೆಂಡಿನ ‘ಹಾಬಿಸ್ಕೋಪ್’ ಎಂಬ ರೇಡಿಯೋ ಕಾರ್ಯಕ್ರಮ ಇದನ್ನು ಮಾಡಿ ತೋರಿಸಿತು. 1984ರ ಹೊತ್ತಿಗೆ ಬಿಬಿಸಿಯ ರೇಡಿಯೋ 4 ಕೂಡ ‘ದ ಚಿಪ್ ಶಾಪ್’ ಕಾರ್ಯಕ್ರಮದ ಮೂಲಕ ಅದೇ ಹಾದಿ ಹಿಡಿಯಿತು. ಕೇಳುಗರು ಆ ಕೀರಲು ಸದ್ದನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡು, ಕಂಪ್ಯೂಟರಿಗೆ ಕೇಳಿಸಿದರೆ ಸಾಕು, ಪ್ರೋಗ್ರಾಂ ಸಿದ್ಧ! ಅಂತರಜಾಲ ಮನೆಗೆ ಬರುವ ಎಷ್ಟೋ ಮೊದಲೇ ಬಾನುಲಿ ತಂತ್ರಾಂಶವನ್ನು ಮನೆಮನೆಗೆ ಹಂಚಿತ್ತು.

ಬಿಬಿಸಿ ಮೈಕ್ರೋ ನಮ್ಮ ದೇಶಕ್ಕೂ ಬಂತು. 1984ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಎಂಬ ಯೋಜನೆಯಡಿ ಆರಂಭದಲ್ಲಿ ಸುಮಾರು 250 ಶಾಲೆಗಳಿಗೆ ಇದೇ ಯಂತ್ರಗಳನ್ನು ಕೊಟ್ಟಿತು. ನಿಮ್ಮಲ್ಲಿ ಕೆಲವರಿಗೆ ಆ ದಿನಗಳ ಕಂಪ್ಯೂಟರ್ ಕೊಠಡಿ ನೆನಪಿರಬಹುದು. ಚಪ್ಪಲಿ ಹೊರಗೆ ಬಿಡಬೇಕು, ಯಂತ್ರಕ್ಕೆ ಬಟ್ಟೆಯ ಹೊದಿಕೆ, ಬಾಗಿಲಿಗೆ ಬೀಗ. ಒಂದು ಯಂತ್ರದ ಮುಂದೆ ನಾಲ್ಕೈದು ಮಕ್ಕಳು, ವಾರಕ್ಕೊಂದು ಅವಧಿ. ಬ್ರಿಟನ್ನಿನ ಎಷ್ಟೋ ಮನೆಗಳಲ್ಲಿ ಮಕ್ಕಳ ಆಟದ ಮೇಜಿನ ಮೇಲಿದ್ದ ಯಂತ್ರ ನಮ್ಮಲ್ಲಿ ಗರ್ಭಗುಡಿ ಸೇರಿತ್ತು. ಶಾಲೆಯವರನ್ನು ದೂರಿ ಫಲವಿಲ್ಲ. ಕೆಟ್ಟರೆ ಇನ್ನೊಂದು ತರುವ ಶಕ್ತಿ ಅವರಿಗಿರಲಿಲ್ಲ. ದುಬಾರಿ ವಸ್ತುವಿಗೆ ಕಾವಲು ಬೇಕಾಗುತ್ತದೆ, ಕಾವಲಿದ್ದ ಕಡೆ ಕುತೂಹಲ ಬಾಗಿಲಲ್ಲೇ ನಿಲ್ಲುತ್ತದೆ.

ಇತ್ತ ಏಕಾರ್ನ್ ಕಂಪನಿ ಮೈಕ್ರೋದ ಗೆಲುವಿನ ಬಲದಿಂದ ತನ್ನದೇ ಹೊಸ ಚಿಪ್ ರೂಪಿಸಲು ಹೊರಟಿತು. ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ವಿನ್ಯಾಸ ಮಾಡಿದ ಆ ಚಿಪ್ 1985ರ ಏಪ್ರಿಲ್ 26ರಂದು ಮೊದಲ ಬಾರಿಗೆ ಕೆಲಸ ಮಾಡಿತು. ಅದರ ಹೆಸರು ‘ಆರ್ಮ್’. ಇಂದು ನಿಮ್ಮ ಜೇಬಿನಲ್ಲಿರುವ ಮೊಬೈಲು ನಡೆಯುವುದು ಬಹುಮಟ್ಟಿಗೆ ಇದೇ ವಂಶದ ಚಿಪ್ಪಿನಿಂದ.

ಈ ವಂಶದ ಒಂದು ಕುಡಿ ನಮ್ಮ ಬೆಂಗಳೂರಿನಲ್ಲೂ ಚಿಗುರಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಅವರು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರ ಜೊತೆ ಸೇರಿ ‘ಸಿಂಪ್ಯೂಟರ್’ ರೂಪಿಸಿದರು. 2001ರಲ್ಲಿ ಅದರ ಮಾದರಿ ಹೊರಬಂತು. ಒಳಗಿದ್ದದ್ದು ಆರ್ಮ್ ವಂಶದ ಸ್ಟ್ರಾಂಗ್‌ಆರ್ಮ್ ಚಿಪ್, ಮೇಲೆ ಲಿನಕ್ಸ್. ಬೆಲೆ ಸುಮಾರು ಒಂಬತ್ತು ಸಾವಿರ ರೂಪಾಯಿ ಆಗಬೇಕೆಂಬುದು ಗುರಿ. ಓದು ಬಾರದ ಹಳ್ಳಿಯ ರೈತನಿಗೂ ಕಂಪ್ಯೂಟರ್ ದಕ್ಕಬೇಕು ಎಂಬುದು ಅವರ ಕನಸು. ಅದಕ್ಕಾಗಿ ಬರಹವನ್ನು ಕನ್ನಡದಲ್ಲಿ ಓದಿ ಹೇಳುವ ‘ಧ್ವನಿ’ ಎಂಬ ತಂತ್ರಾಂಶವೂ ಸಿದ್ಧವಾಯಿತು. 2004ರಲ್ಲಿ ‘ಅಮಿಡಾ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತಾದರೂ ಅಂದುಕೊಂಡಷ್ಟು ಮಾರಾಟವಾಗಲಿಲ್ಲ. ಆ ಹೊತ್ತಿಗೆ ಮೊಬೈಲು ಹಳ್ಳಿಯ ದಾರಿ ಹಿಡಿದಿತ್ತು. ಸಿಂಪ್ಯೂಟರಿನ ಪ್ರಶ್ನೆ ‘ಕಂಪ್ಯೂಟರನ್ನು ಎಲ್ಲರೂ ಬಳಸುವುದು ಹೇಗೆ?’ ಎಂಬುದಾಗಿತ್ತು. ಕೇಂಬ್ರಿಜ್‌ನವರ ಪ್ರಶ್ನೆ ಬೇರೆ: ‘ಮಕ್ಕಳು ಅದನ್ನು ಆಳುವುದು ಹೇಗೆ?’

ಆ ಪ್ರಶ್ನೆ ಕೇಳಿದವರಲ್ಲಿ ಮುಖ್ಯರು ಎಬೆನ್ ಅಪ್ಟನ್. 2000ರ ದಶಕದ ಮಧ್ಯದಲ್ಲಿ ಅವರು ಕೇಂಬ್ರಿಜ್‌ನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ಕಂಪ್ಯೂಟರ್ ವಿಜ್ಞಾನದ ಹೊಣೆ ಹೊತ್ತಿದ್ದರು. ಸೀಟು ಕೇಳಿಕೊಂಡು ಬರುವ ಹುಡುಗ ಹುಡುಗಿಯರ ಸಂಖ್ಯೆ ಇಳಿಯುತ್ತಿತ್ತು. ಅದಕ್ಕಿಂತ ಹೆಚ್ಚಿಗೆ ಕಾಡಿದ ಸಂಗತಿ ಇನ್ನೊಂದು. ಹಿಂದೆ ಬರುತ್ತಿದ್ದವರು ಮನೆಯಲ್ಲೇ ಪ್ರೋಗ್ರಾಂ ಬರೆದು ಪಳಗಿದವರು, ಈಗ ಬರುವವರಿಗೆ ಆ ಪಳಗು ಇಲ್ಲ. ಬುದ್ಧಿ ಕಡಿಮೆಯಾಗಿತ್ತೇ? ಖಂಡಿತ ಇಲ್ಲ. ಬದಲಾದದ್ದು ಮನೆಯ ಯಂತ್ರ. ಬಿಬಿಸಿ ಮೈಕ್ರೋ ಇದ್ದ ಜಾಗದಲ್ಲಿ ಆಟದ ಪೆಟ್ಟಿಗೆ ಬಂದಿತ್ತು, ಮನೆಮಂದಿಗೆಲ್ಲ ಸೇರಿದ ಪಿ.ಸಿ. ಬಂದಿತ್ತು. ಒಂದಕ್ಕೆ ಬಾಗಿಲೇ ಇಲ್ಲ, ಇನ್ನೊಂದನ್ನು ಕೆಡಿಸಿದರೆ ಬೈಗುಳ.

2006ರಲ್ಲಿ ಅಪ್ಟನ್ ಸಣ್ಣ ಚಿಪ್ ಹಾಕಿ ಮೊದಲ ಪ್ರಯೋಗ ಮಾಡಿದರು. 2009ರಲ್ಲಿ ಗೆಳೆಯರೊಂದಿಗೆ ಸೇರಿ ರಾಸ್ಪ್‌ಬೆರಿ ಪೈ ಪ್ರತಿಷ್ಠಾನವನ್ನು ದತ್ತಿ ಸಂಸ್ಥೆಯಾಗಿ ನೋಂದಾಯಿಸಿದರು. ಹೆಸರಿಗೂ ಒಂದು ಅರ್ಥವಿದೆ. ಆಪಲ್, ಏಪ್ರಿಕಾಟ್ ಎಂದು ಹಣ್ಣಿನ ಹೆಸರಿಡುವುದು ಕಂಪ್ಯೂಟರ್ ಲೋಕದ ಹಳೆಯ ರೂಢಿ, ಆ ಸಾಲಿಗೆ ರಾಸ್ಪ್‌ಬೆರಿ ಸೇರಿತು. ‘ಪೈ’ ಬಂದದ್ದು ಪೈಥಾನ್ ಎಂಬ ಪ್ರೋಗ್ರಾಂ ಭಾಷೆಯಿಂದ. 2011ರ ಮೇ ತಿಂಗಳಲ್ಲಿ ಪ್ರತಿಷ್ಠಾನದ ಡೇವಿಡ್ ಬ್ರೇಬೆನ್ ಅವರು ಬಿಬಿಸಿ ವರದಿಗಾರರೊಬ್ಬರಿಗೆ ಪುಟ್ಟ ಮಾದರಿಯೊಂದನ್ನು ತೋರಿಸಿದರು. ಆ ದೃಶ್ಯವನ್ನು ಲಕ್ಷಾಂತರ ಜನ ನೋಡಿದರು. ನೋಡಿ, ಇಲ್ಲೂ ಪ್ರಸಾರದವರ ಕೈವಾಡ! ಬ್ರೇಬೆನ್ ಯಾರೆಂದರೆ, ಬಿಬಿಸಿ ಮೈಕ್ರೋಗಾಗಿ 1984ರಲ್ಲಿ ‘ಎಲೀಟ್’ ಎಂಬ ಹೆಸರಾಂತ ಆಟವನ್ನು ಬರೆದ ಇಬ್ಬರಲ್ಲಿ ಒಬ್ಬರು.

2012ರ ಫೆಬ್ರವರಿ 29ರ ಬೆಳಿಗ್ಗೆ ಮಾರಾಟ ಶುರುವಾಯಿತು. ಕೊಳ್ಳುವವರ ನೂಕುನುಗ್ಗಲಿಗೆ ಮಾರುವ ಎರಡೂ ಕಂಪನಿಗಳ ಜಾಲತಾಣಗಳು ನಿಂತೇಹೋದವು. ಬೆಲೆ 35 ಡಾಲರ್, ಅಂದಿನ ಲೆಕ್ಕದಲ್ಲಿ ಸುಮಾರು 1,700 ರೂಪಾಯಿ. ಕೈಗೆ ಬಂದದ್ದು ಕ್ರೆಡಿಟ್ ಕಾರ್ಡ್ ಅಳತೆಯ, 45 ಗ್ರಾಂ ತೂಕದ ಒಂದು ಹಸಿರು ಹಲಗೆ. ಮೈಮೇಲೆ ಹೊದಿಕೆ ಇಲ್ಲ, ಕೀಲಿಮಣೆ ಇಲ್ಲ, ಪರದೆ ಇಲ್ಲ. ಮೊಬೈಲ್ ಚಾರ್ಜರಿನಿಂದ ವಿದ್ಯುತ್ತು, ಮನೆಯ ಟಿ.ವಿ.ಯೇ ಪರದೆ. ಒಳಗೆ 700 ಮೆಗಾಹರ್ಟ್ಸ್ ವೇಗದ ಆರ್ಮ್ ಚಿಪ್. ಹೀಗೆ ಪ್ರಸಾರ ಸಂಸ್ಥೆಯ ಕಂಪ್ಯೂಟರಿನ ಮೊಮ್ಮಗ ಅದೇ ಊರಿನಲ್ಲಿ ಹುಟ್ಟಿದ.

ಇದರಲ್ಲಿ ನನಗೆ ಬಹಳ ಮೆಚ್ಚುಗೆಯಾದ ಸಂಗತಿಗಳು ಎರಡು. ಒಂದು, ಇದರ ತಂತ್ರಾಂಶವೆಲ್ಲ ಇರುವುದು ಉಗುರಿನಷ್ಟು ದೊಡ್ಡ ಮೆಮೊರಿ ಕಾರ್ಡಿನಲ್ಲಿ. (ಮೊದಲ ಮಾದರಿಯ ಕಾರ್ಡು ಸ್ವಲ್ಪ ದೊಡ್ಡದಿತ್ತು.) ಮಗು ಏನೋ ಬರೆದು ಎಲ್ಲ ಕೆಡಿಸಿತು ಎನ್ನಿ. ಕಾರ್ಡನ್ನು ಅಳಿಸಿ ಮತ್ತೆ ತುಂಬಿದರೆ ಯಂತ್ರ ಹೊಸದು! ಸ್ಲೇಟಿನ ಹಾಗೆ. ಎರಡು, ಹಲಗೆಯ ಅಂಚಿನಲ್ಲಿ ಸಾಲಾಗಿ ನಿಂತ ಲೋಹದ ಮುಳ್ಳುಗಳು. ಮೊದಲಿಗೆ 26 ಇದ್ದವು, 2014ರಿಂದ 40 ಆದವು. ಅವುಗಳಿಗೆ ಒಂದು ಪುಟ್ಟ ದೀಪ, ಒಂದು ಮೋಟಾರು, ಬಿಸಿ ಅಳೆಯುವ ಒಂದು ಸಾಧನ ಜೋಡಿಸಬಹುದು. ಬರೆದ ಸಾಲು ಪರದೆಯ ಆಚೆಗೆ ದಾಟಿ ದೀಪವಾಗಿ ಬೆಳಗುತ್ತದೆ. ಅದನ್ನು ಕಂಡ ಮಗುವಿನ ಮುಖವನ್ನು ನೀವೇ ಕಲ್ಪಿಸಿಕೊಳ್ಳಿ.

ಮುಂದಿನದು ನಾಗಾಲೋಟ. ಚೀನಾದಲ್ಲಿ ಆರಂಭವಾದ ತಯಾರಿಕೆ 2012ರಲ್ಲೇ ವೇಲ್ಸ್‌ನ ಪೆನ್‌ಕೋಯ್ಡ್‌ನಲ್ಲಿರುವ ಸೋನಿ ಕಾರ್ಖಾನೆಗೂ ಬಂತು. 2015ರ ನವೆಂಬರ್‌ನಲ್ಲಿ 5 ಡಾಲರಿನ ‘ಪೈ ಝೀರೋ’ ಬಂದಾಗ ಅದನ್ನು ಒಂದು ಮಾಸಪತ್ರಿಕೆಯ ಮುಖಪುಟಕ್ಕೆ ಅಂಟಿಸಿ ಉಚಿತವಾಗಿ ಹಂಚಿದರು. ಅದೇ ಡಿಸೆಂಬರ್‌ನಲ್ಲಿ ಮಕ್ಕಳು ಬರೆದ ಪ್ರೋಗ್ರಾಮುಗಳನ್ನು ನಡೆಸಲೆಂದು ಎರಡು ಪೈಗಳು ಅಂತರಿಕ್ಷ ನಿಲ್ದಾಣಕ್ಕೆ ಹೋದವು. 2016ರ ಸೆಪ್ಟೆಂಬರ್ ವೇಳೆಗೆ ಮಾರಾಟ ಒಂದು ಕೋಟಿ ಮುಟ್ಟಿತು. ಅದೇ ವರ್ಷ ಬಿಬಿಸಿ ತನ್ನ ಹಳೆಯ ಹಟ ಬಿಡದೆ ‘ಮೈಕ್ರೋಬಿಟ್’ ಎಂಬ ಇನ್ನೂ ಚಿಕ್ಕ ಹಲಗೆಯನ್ನು ಬ್ರಿಟನ್ನಿನ ಸುಮಾರು ಹತ್ತು ಲಕ್ಷ ಶಾಲಾ ಮಕ್ಕಳಿಗೆ ಪುಕ್ಕಟೆಯಾಗಿ ಕೊಟ್ಟಿತು.

ಎಲ್ಲವೂ ಸಿಹಿಯೇ ಎಂದರೆ ನಿಮಗೆ ಅರ್ಧ ಕತೆ ಹೇಳಿದಂತಾಗುತ್ತದೆ. ಅಗ್ಗದ ಈ ಹಲಗೆಯನ್ನು ಕಾರ್ಖಾನೆಗಳೂ ಮೆಚ್ಚಿದವು. 2021-22ರಲ್ಲಿ ಜಗತ್ತಿಗೆಲ್ಲ ಚಿಪ್ ಬರ ಬಂದಾಗ, ಪೈಯನ್ನೇ ನಂಬಿದ ಉದ್ಯಮಗಳಿಗೆ ಮೊದಲ ಪಾಲು ಹೋಯಿತು. ಹವ್ಯಾಸಿಗಳು ಮತ್ತು ಮಕ್ಕಳು ತಿಂಗಳುಗಟ್ಟಲೆ ಕಾಯಬೇಕಾಯಿತು, ಸಿಕ್ಕಲ್ಲಿ ದುಪ್ಪಟ್ಟು ಬೆಲೆ. 2024ರ ಜೂನ್‌ನಲ್ಲಿ ಪೈ ತಯಾರಿಸುವ ಕಂಪನಿ ಲಂಡನ್ ಷೇರು ಪೇಟೆಗೆ ಕಾಲಿಟ್ಟಿತು. ಅಷ್ಟರಲ್ಲಿ ಆರು ಕೋಟಿಗೂ ಹೆಚ್ಚು ಪೈಗಳು ಮಾರಾಟವಾಗಿದ್ದವು, ಅವುಗಳಲ್ಲಿ ದೊಡ್ಡ ಪಾಲು ಉದ್ಯಮಗಳಿಗೆ ಹೋಗುವಂತಾಗಿತ್ತು. ಹೊಸ ಮಾದರಿಗಳು ಬಲಶಾಲಿ, ಬೆಲೆಯೂ ಬಲವಾಗಿಯೇ ಇದೆ. ಮಗುವಿಗೆಂದು ಮಾಡಿದ ರೊಟ್ಟಿಗೆ ನೆಂಟರು ಜಾಸ್ತಿಯಾದಂತೆ! ಬಂದ ಹಣದ ಒಂದು ಪಾಲು ಪ್ರತಿಷ್ಠಾನದ ಮೂಲಕ ಮಕ್ಕಳ ಕಲಿಕೆಗೇ ಹೋಗುತ್ತದೆ ಎಂಬುದು ಸಮಾಧಾನದ ಮಾತು.

ಹಾಗಾದರೆ ಈ ಇತಿಹಾಸ ನಮಗೆ ಹೇಳುವುದೇನು? ಇಂಥದೇ ಹಲಗೆ ಕೊಳ್ಳಿ ಎಂದಲ್ಲ. ಹಿಂದೊಮ್ಮೆ ನಮ್ಮವರು ರೇಡಿಯೋ ಬಿಚ್ಚಿ, ಬೆಸುಗೆ ಹಾಕಿ, ಮತ್ತೆ ಹಾಡಿಸಿ ಕಲಿತರು. ಅವರ ಕೈಗೆ ಸಿಗುವ ಬೆಲೆಗೆ ಬಿಡಿಭಾಗಗಳಿದ್ದವು, ಕೆಟ್ಟರೂ ಪರವಾಗಿಲ್ಲ ಎನ್ನುವ ಹಳೆಯ ಸೆಟ್ಟುಗಳಿದ್ದವು. ಇಂದಿನ ಮಕ್ಕಳ ಕೈಗೆ ನಾವು ಕೊಡುತ್ತಿರುವುದು ಅಂಟು ಹಾಕಿ ಮುಚ್ಚಿದ ಮೊಬೈಲು. ಅದರಲ್ಲಿ ನೋಡುವುದಕ್ಕೆ ಕೊನೆಯಿಲ್ಲ, ಕಟ್ಟುವುದಕ್ಕೆ ಜಾಗ ಕಡಿಮೆ. ಕಲಿಕೆಗೆ ಬುದ್ಧಿಯೊಂದೇ ಸಾಲದು, ತಪ್ಪು ಮಾಡುವ ಸ್ವಾತಂತ್ರ್ಯವೂ ಬೇಕು. ಆ ಸ್ವಾತಂತ್ರ್ಯಕ್ಕೆ 35 ಡಾಲರಿನ ಬೆಲೆಚೀಟಿ ಅಂಟಿಸಿದ್ದೇ ಕೇಂಬ್ರಿಜ್‌ನವರ ದೊಡ್ಡ ಕೆಲಸ.

ನೀವು ಮುಂಬಯಿಯಲ್ಲಿದ್ದರೆ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈಯಲ್ಲಿದ್ದರೆ ರಿಚಿ ಸ್ಟ್ರೀಟ್, ದೆಹಲಿಯಲ್ಲಿದ್ದರೆ ಲಜಪತ್ ರಾಯ್ ಮಾರ್ಕೆಟ್, ಪುಣೆಯಲ್ಲಿದ್ದರೆ ತಪ್ಕೀರ್ ಗಲ್ಲಿ, ಹೈದರಾಬಾದಿನಲ್ಲಿದ್ದರೆ ಕೋಟಿಯ ಗುಜರಾತಿ ಗಲ್ಲಿ. ರಜೆಗೆ ಬೆಂಗಳೂರಿಗೆ ಹೋದರೆ ನಮ್ಮ ಎಸ್.ಪಿ. ರೋಡ್ ಇದ್ದೇ ಇದೆ. ಒಂದು ಭಾನುವಾರ ಬಿಟ್ಟು ಇನ್ನೊಂದು ದಿನ, ಅಂಗಡಿ ತೆರೆದಿರುವಾಗ, ಮಗುವಿನ ಕೈಹಿಡಿದು ಅಲ್ಲಿ ಒಂದು ಸುತ್ತು ಹಾಕಿ ಬನ್ನಿ. ಪೈ ಆಗಲಿ, ಅದಕ್ಕಿಂತ ಅಗ್ಗದ ಇನ್ನಾವುದೋ ಹಲಗೆಯಾಗಲಿ, ಬರೀ ಒಂದು ಬ್ಯಾಟರಿ, ವೈರು, ಪುಟ್ಟ ದೀಪವೇ ಆಗಲಿ. ತಂದು ಕೊಟ್ಟ ಮೇಲೆ ಒಂದು ಮಾತು ಮಾತ್ರ ತಪ್ಪದೆ ಹೇಳಿ: “ಕೆಟ್ಟರೆ ಕೆಡಲಿ ಪುಟ್ಟಾ, ಮಾಡಿ ನೋಡು.”

ನಿಮ್ಮ ಮನೆಯಲ್ಲಿ ಇಂಥ ಪ್ರಯೋಗ ನಡೆದಿದ್ದರೆ ನಮಗೆ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಮತ್ತೊಂದು ವಿಷಯದೊಂದಿಗೆ ಭೇಟಿಯಾಗೋಣ. ಅಲ್ಲಿಯವರೆಗೆ ಕೇಳುತ್ತಿರಿ, ಕನ್ನಡದಲ್ಲಿ ಮಾತಾಡುತ್ತಿರಿ. ನಮಸ್ಕಾರ.