ಅಪವರ್ತನ: ಬೀಜಗಣಿತದ ಭಿನ್ನರಾಶಿಗಳನ್ನು ಸಂಕ್ಷೇಪಿಸುವ ಕ್ರಮದ ಇತಿಹಾಸ

ಅಂಶ ಮತ್ತು ಛೇದ ಎರಡಕ್ಕೂ ಗುಣಕವಾಗಿರುವ ಉಕ್ತಿಯನ್ನು ಗುರುತಿಸಿ, ಎರಡನ್ನೂ ಅದರಿಂದ ಭಾಗಿಸಿ ಭಿನ್ನರಾಶಿಯನ್ನು ಕಿರಿದಾಗಿಸುವುದಕ್ಕೆ ಹಳೆಯ ಗಣಿತಗ್ರಂಥಗಳಲ್ಲಿ ಅಪವರ್ತನ ಎಂದು ಹೆಸರು. ಶಾಲೆಯ ಮಾತಿನಲ್ಲಿ ಇದೇ ‘ಮೇಲೆ ಕೆಳಗೆ ಹೊಡೆಯುವುದು’. ಇಂದಿನ ಕನ್ನಡ ಪಠ್ಯಪುಸ್ತಕಗಳಲ್ಲಿ ಆ ಪದ ಕ್ರಿಯೆಯನ್ನು ಬಿಟ್ಟು ಭಾಗಿಸುವ ಗುಣಕದ ಹೆಸರಾಗಿ ನಿಂತಿದೆ, ಮ.ಸಾ.ಅ. ಎಂಬುದರ ಕೊನೆಯ ಅಕ್ಷರ ಅದೇ.

ಭಾರತೀಯ ಬೀಜಗಣಿತಜ್ಞರು ಅವ್ಯಕ್ತ ರಾಶಿಯನ್ನು ‘ಯಾವತ್-ತಾವತ್’ ಎಂದು ಕರೆದು ‘ಯಾ’ ಎಂದು ಮೊಟಕಾಗಿ ಬರೆಯುತ್ತಿದ್ದರು. ಅದನ್ನೇ ಬಳಸುವುದಾದರೆ, (ಯಾ² + 5ಯಾ + 6) / (ಯಾ² − ಯಾ − 6) ಎಂಬುದನ್ನು ಗುಣಕಗಳಾಗಿ ಒಡೆದಾಗ (ಯಾ + 2)(ಯಾ + 3) / (ಯಾ + 2)(ಯಾ − 3) ಆಗುತ್ತದೆ. (ಯಾ + 2) ಹೋಗಿ (ಯಾ + 3)/(ಯಾ − 3) ಉಳಿಯುತ್ತದೆ. ಯಾ ಎಂಬುದು −2 ಆಗಿದ್ದರೆ ಮಾತ್ರ ಈ ಕೆಲಸ ಸಲ್ಲದು, ಆಗ ಹೊಡೆದುಹಾಕಿದ್ದು ಸೊನ್ನೆಯನ್ನು. ಈ ವಿಷಯದ ಇತಿಹಾಸದಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ: ಸಾಮಾನ್ಯ ಗುಣಕವನ್ನು ಹುಡುಕುವುದು ಹೇಗೆ, ಹುಡುಕಿದ್ದನ್ನು ಹೊಡೆಯುವ ಹಕ್ಕು ಯಾವಾಗ ಇದೆ.

ಮೊದಲನೆಯದಕ್ಕೆ ಉತ್ತರ ಬಹಳ ಹಿಂದೆಯೇ ಸಿಕ್ಕಿತು. ಕ್ರಿ.ಪೂ. 300ರ ಹೊತ್ತಿನ ಯೂಕ್ಲಿಡನ ಏಳನೆಯ ಪುಸ್ತಕ ಶುರುವಾಗುವುದೇ ದೊಡ್ಡದರಿಂದ ಚಿಕ್ಕದನ್ನು ಕಳೆಯುತ್ತಾ ಹೋಗುವ ವಿಧಾನದಿಂದ. ಚೀನಾದ ‘ಒಂಬತ್ತು ಅಧ್ಯಾಯಗಳು’ ಗ್ರಂಥದ ಮೊದಲ ಅಧ್ಯಾಯ ಇದನ್ನು ನೇರವಾಗಿ ಭಿನ್ನರಾಶಿಗೇ ಹೂಡುತ್ತದೆ: ಎರಡನ್ನೂ ಅರ್ಧ ಮಾಡಲು ಬಂದರೆ ಮಾಡು, ಬಾರದಿದ್ದರೆ ಒಂದರಿಂದ ಇನ್ನೊಂದನ್ನು ಕಳೆಯುತ್ತಾ ಎರಡೂ ಸಮವಾಗುವವರೆಗೆ ಹೋಗು. ಅಲ್ಲಿನ 49/91ರಲ್ಲಿ 91ರಿಂದ 49 ಕಳೆದರೆ 42, 49ರಿಂದ 42 ಕಳೆದರೆ 7. 42ರಿಂದ ಏಳೇಳನ್ನೇ ಕಳೆಯುತ್ತಾ ಬಂದರೆ ಕೊನೆಗೆ 7 ಮತ್ತು 7 ಎದುರುಬದುರಾಗುತ್ತವೆ. ಉತ್ತರ 7/13.

ಭಾರತದಲ್ಲಿ ಅಂಶವನ್ನು ಮೇಲೆ, ಛೇದವನ್ನು ಕೆಳಗೆ ಬರೆಯುತ್ತಿದ್ದರು, ನಡುವೆ ಗೆರೆ ಇರಲಿಲ್ಲ. ಈ ಬರವಣಿಗೆಯಲ್ಲಿ ಅಪವರ್ತನಕ್ಕೆ ಅಚ್ಚುಕಟ್ಟಾದ ರೂಪ ಕೊಟ್ಟವರಲ್ಲಿ ಮಹಾವೀರಾಚಾರ್ಯ ಮುಖ್ಯ. ಮಳಖೇಡದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಆರಂಭದಲ್ಲೇ ಸ್ತುತಿಸುವ ಆತನ ‘ಗಣಿತಸಾರಸಂಗ್ರಹ’ ಸುಮಾರು 850ರದು. ಪೂರ್ಣಾಂಕಗಳ ಭಾಗಾಕಾರವನ್ನೇ ಆತ ಅಪವರ್ತನದಿಂದ ಹಗುರ ಮಾಡಿಕೊಳ್ಳಲು ಹೇಳುತ್ತಾನೆ. ಭಿನ್ನರಾಶಿಗಳ ಗುಣಾಕಾರದಲ್ಲಿ ಒಂದರ ಅಂಶವನ್ನು ಇನ್ನೊಂದರ ಛೇದದೊಡನೆ ಓರೆಯಾಗಿ ಹೊಡೆಯುವುದಕ್ಕೆ ಆತನಿಟ್ಟ ಹೆಸರು ವಜ್ರಾಪವರ್ತನ. 8/9ನ್ನು 3/4ರಿಂದ ಗುಣಿಸುವಾಗ 8ನ್ನು 4ರೊಡನೆ, 3ನ್ನು 9ರೊಡನೆ ಕಿರಿದಾಗಿಸಿದರೆ ಗುಣಾಕಾರವೇ ಬೇಡವೆನ್ನಿಸುವಷ್ಟು ಸುಲಭವಾಗಿ 2/3 ಬರುತ್ತದೆ. ಇಂದಿಗೂ ಶಾಲೆಯ ಮಗು ಮಾಡುವುದು ಇದನ್ನೇ. ಹೆಸರಿನ ಠೀವಿ ಮಾತ್ರ ಕಳೆದುಹೋಗಿದೆ. ಈ ಗ್ರಂಥವನ್ನು 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ ಮದರಾಸಿನಿಂದ ಹೊರತಂದರು.

1150ರ ‘ಲೀಲಾವತಿ’ಯಲ್ಲಿ ಭಾಸ್ಕರಾಚಾರ್ಯ ಕುಟ್ಟಕದ (ಪೂರ್ಣಾಂಕದ ಉತ್ತರ ಬೇಡುವ ಸಮೀಕರಣಗಳನ್ನು ಬಿಡಿಸುವ ವಿಧಾನದ) ಪ್ರಕರಣದಲ್ಲಿ, ಎರಡು ರಾಶಿಗಳನ್ನು ಪರಸ್ಪರ ಭಾಗಿಸುತ್ತಾ ಹೋದಾಗ ಕೊನೆಗುಳಿಯುವುದೇ ಅವುಗಳ ಅಪವರ್ತನ ಎಂದು ವಿವರಿಸುತ್ತಾನೆ. ಅದೇ ಪುಸ್ತಕದ ಇನ್ನೊಂದು ಲೆಕ್ಕ ಎರಡನೆಯ ಪ್ರಶ್ನೆಗೆ ಕೈಹಾಕುತ್ತದೆ. ಒಂದು ರಾಶಿಯನ್ನು ಸೊನ್ನೆಯಿಂದ ಗುಣಿಸಿ, ಅದಕ್ಕೆ ಅದರ ಅರ್ಧ ಸೇರಿಸಿ, ಮೂರರಿಂದ ಗುಣಿಸಿ, ಸೊನ್ನೆಯಿಂದ ಭಾಗಿಸಿದರೆ 63, ರಾಶಿ ಯಾವುದು? ಬ್ರಹ್ಮಗುಪ್ತ 628ರಲ್ಲಿ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಎಂದಿದ್ದ. ಮಹಾವೀರ ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದು ಎಂದಿದ್ದ. ಭಾಸ್ಕರ ಬೇರೆ ದಾರಿ ಹಿಡಿದ: ಮುಂದೆ ಕ್ರಿಯೆ ಉಳಿದಿದ್ದರೆ ಗುಣಿಸಿದ ಸೊನ್ನೆಯನ್ನು ಹಾಗೆಯೇ ಇಟ್ಟುಕೊಂಡಿರಬೇಕು, ಭಾಜಕ ಸೊನ್ನೆ ಎದುರಾದಾಗ ಎರಡನ್ನೂ ಬಿಡಬೇಕು. ಹಾಗೆ ಮಾಡಿದರೆ 14. ಇಂದಿನ ಕಣ್ಣಿಗೆ ಇದು ಸೊನ್ನೆಯನ್ನೇ ಸಾಮಾನ್ಯ ಗುಣಕವೆಂದು ಹೊಡೆದಂತೆ, ಅಂದರೆ ತಪ್ಪು. ಆದರೆ ಗ್ರಹಗಣಿತದಲ್ಲಿ ಇದರ ಉಪಯೋಗ ದೊಡ್ಡದು ಎಂದು ಆತ ಹೇಳಿರುವುದರಿಂದ ಕೇವಲ ತಪ್ಪೆಂದು ತಳ್ಳುವುದು ಅವಸರವಾದೀತು.

ಅಕ್ಷರಗಳ ಉಕ್ತಿಗೂ ಸಂಖ್ಯೆಯ ಉಪಚಾರವೇ ಸಲ್ಲುತ್ತದೆ ಎಂಬ ಅರಿವು ಬೇರೆಡೆ ಬೆಳೆಯಿತು. ಬಗ್ದಾದಿನ ಅಲ್-ಕರಜಿ, ಅವನ ಹಾದಿಯಲ್ಲಿ ನಡೆದ 12ನೆಯ ಶತಮಾನದ ಅಲ್-ಸಮವ್‌ಅಲ್ ಬಹುಪದೋಕ್ತಿಗಳ ಭಾಗಾಕಾರವನ್ನು ರೂಪಿಸಿದರು. ಎರಡನೆಯವನು ಸಹಗುಣಕಗಳನ್ನು ಕೋಷ್ಟಕದಲ್ಲಿ ಇಟ್ಟು ಲೆಕ್ಕ ಮಾಡಿದ. 1585ರಲ್ಲಿ ಸೈಮನ್ ಸ್ಟೆವಿನ್ ಯೂಕ್ಲಿಡನ ವಿಧಾನವನ್ನು ಬಹುಪದೋಕ್ತಿಗಳಿಗೆ ಹಚ್ಚಿ ಅವುಗಳ ಮ.ಸಾ.ಅ. ಕಂಡುಹಿಡಿದ. ವಿಯೆಟ್ 1591ರಲ್ಲಿ ಅಕ್ಷರಗಳ ಬಳಕೆಯನ್ನು, ಡೆಕಾರ್ಟ್ 1637ರಲ್ಲಿ ಘಾತಗಳ ಬರಹವನ್ನು ಇಂದಿನ ರೂಪದ ಹತ್ತಿರಕ್ಕೆ ತಂದರು.

ಸೊನ್ನೆಯ ತಕರಾರು ಮಾತ್ರ ಹಾಗೆಯೇ ಉಳಿದಿತ್ತು. ನ್ಯೂಟನ್ನನ ಕಲನದಲ್ಲಿ ಒಂದು ಅತಿಚಿಕ್ಕ ಹೆಚ್ಚಳದಿಂದ ಮೇಲೆ ಕೆಳಗೆ ಭಾಗಿಸಿ, ಬಳಿಕ ಅದನ್ನೇ ಸೊನ್ನೆಯೆಂದು ಬಿಡುತ್ತಿದ್ದರು. ಹೊಡೆಯುವಾಗ ಸೊನ್ನೆಯಲ್ಲದ್ದು ಬಿಡುವಾಗ ಸೊನ್ನೆಯಾದದ್ದು ಹೇಗೆ ಎಂದು ಬಿಷಪ್ ಬರ್ಕ್ಲಿ 1734ರಲ್ಲಿ ಹಿಡಿದು ಕೇಳಿದ. ನ್ಯಾಯವಾದ ಪ್ರಶ್ನೆ. ಕೋಶಿ 1821ರಲ್ಲಿ ಪರಿಮಿತಿಯ ಕಲ್ಪನೆಯನ್ನು ಬುನಾದಿಯಾಗಿಟ್ಟ ಮೇಲೆ ಅದಕ್ಕೆ ಉತ್ತರ ಸ್ಪಷ್ಟವಾಗತೊಡಗಿತು.

ತರಗತಿಯಲ್ಲಿ ಬೀಳುವ ತಪ್ಪು ಇದಕ್ಕಿಂತ ಸರಳ: ಗುಣಕದ ಬದಲು ಕೂಡಿದ ಪದವನ್ನೇ ಹೊಡೆಯುವುದು. (ಯಾ + 3)/3ರಲ್ಲಿ 3 ಹೊಡೆದು ಯಾ ಎಂದು ಬರೆಯುವವರಿಗೆ ಲೆಕ್ಕ ಮುಲಾಜು ತೋರಿಸುವುದಿಲ್ಲ. ಅಂಕಿಗಳು ಮಾತ್ರ ಒಮ್ಮೊಮ್ಮೆ ಕೆಣಕುತ್ತವೆ. 16/64ರಲ್ಲಿ ಎರಡು 6 ಹೊಡೆದರೂ 1/4 ಎಂಬ ಸರಿಯುತ್ತರವೇ ಬರುತ್ತದೆ. 19/95, 26/65, 49/98 ಕೂಡ ಇದೇ ಚೇಷ್ಟೆಯವು.

ಗಣಕಯಂತ್ರ ಬಂದಾಗ ಹಳೆಯ ವಿಧಾನ ಹೊಸ ತೊಡಕು ತೋರಿತು. ಭಾಗಾಕಾರ ಮುಂದುವರಿದಂತೆ ಸಹಗುಣಕಗಳು ಉಬ್ಬುತ್ತವೆ. ಡೊನಾಲ್ಡ್ ಕ್ನೂತ್‌ರ ಪುಸ್ತಕದಲ್ಲಿರುವ ಉದಾಹರಣೆಯೊಂದರಲ್ಲಿ ಎರಡು ಸಾಧಾರಣ ಬಹುಪದೋಕ್ತಿಗಳು ಹಂತಹಂತವಾಗಿ ಬೆಳೆದು ಕೊನೆಯ ಶೇಷ 35 ಅಂಕಿಗಳದಾಗುತ್ತದೆ. ಅಷ್ಟಾಗಿ ಅವಕ್ಕೆ ಸಾಮಾನ್ಯ ಗುಣಕವೇ ಇಲ್ಲ. ಜಾರ್ಜ್ ಕಾಲಿನ್ಸ್ 1967ರಲ್ಲಿ, ಡಬ್ಲ್ಯು. ಎಸ್. ಬ್ರೌನ್ 1971ರಲ್ಲಿ ಈ ಉಬ್ಬರ ತಡೆಯುವ ಮಾರ್ಗಗಳನ್ನು ಪ್ರಕಟಿಸಿದರು. ಇಂದಿನ ಬೀಜಗಣಿತ ತಂತ್ರಾಂಶಗಳು ಉದ್ದುದ್ದ ಭಿನ್ನರಾಶಿಗಳನ್ನು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಕಿರಿದಾಗಿಸುತ್ತವೆ. ಅವುಗಳಲ್ಲಿ ಹಲವಕ್ಕೆ ಯಾ/ಯಾ ಎಂದು ಕೊಟ್ಟರೆ ಯಾ ಸೊನ್ನೆಯೇ ಎಂದು ಕೇಳದೆ 1 ಎಂದು ಬರೆದುಬಿಡುತ್ತವೆ.